ಕ್ಯಾಮ್ಡನ್‌ನಲ್ಲಿ ಕೊಲೆಗಳು ಇಳಿದದ್ದು ಪೊಲೀಸ್ ಇಲಾಖೆಯನ್ನು ವಿಸರ್ಜಿಸಿದ್ದರಿಂದಲೇ?

ಫಿಲಡೆಲ್ಫಿಯಾದಿಂದ ಡೆಲವೇರ್ ನದಿ ದಾಟಿದರೆ ಸಿಗುವ ಊರು ನ್ಯೂಜೆರ್ಸಿಯ ಕ್ಯಾಮ್ಡನ್. ಜನಸಂಖ್ಯೆ ಎಪ್ಪತ್ತು ಚಿಲ್ಲರೆ ಸಾವಿರ. 2012ರಲ್ಲಿ ಈ ಪುಟ್ಟ ನಗರದಲ್ಲಿ 67 ಕೊಲೆಗಳಾದವು. ಮರುವರ್ಷ ಮೇ ತಿಂಗಳಲ್ಲಿ ನಗರದ ಪೊಲೀಸ್ ಇಲಾಖೆಯನ್ನೇ ವಿಸರ್ಜಿಸಿ, ಕೌಂಟಿ (ನಮ್ಮ ಜಿಲ್ಲೆಯಂಥ ಘಟಕ) ಆಡಳಿತ ಕಟ್ಟಿದ ಹೊಸ ಪಡೆಗೆ ಊರಿನ ಕಾವಲನ್ನು ಒಪ್ಪಿಸಲಾಯಿತು. ಕೊಲೆಗಳ ಸಂಖ್ಯೆ 2019ರಲ್ಲಿ 25ಕ್ಕೆ, 2024ರಲ್ಲಿ 17ಕ್ಕೆ ಇಳಿಯಿತು. ಇದರ ಶ್ರೇಯಸ್ಸು ಆ ವಿಸರ್ಜನೆಗೆ ಸಲ್ಲಬೇಕೇ?

ಪರ

67 ಕೊಲೆ ಎಂದರೆ ಲಕ್ಷ ಜನರಿಗೆ ಸುಮಾರು 87. ಇಡೀ ಅಮೆರಿಕದ ಸರಾಸರಿ ಆಗ ಐದನ್ನೂ ಮುಟ್ಟಿರಲಿಲ್ಲ. ಬೀದಿ ಮೂಲೆಗಳಲ್ಲಿ ಹಾಡಹಗಲೇ ಮಾದಕ ವಸ್ತು ಮಾರುತ್ತಿದ್ದರು. ಇನ್ನು ಪೊಲೀಸರ ಮಾತು. ಅಮಾಯಕರ ಬಳಿ ಮಾದಕ ವಸ್ತು ಇಟ್ಟು, ಸುಳ್ಳು ವರದಿ ಬರೆದು ಜನರನ್ನು ಜೈಲಿಗಟ್ಟಿದ ಅಧಿಕಾರಿಗಳು ಇದೇ ಇಲಾಖೆಯಲ್ಲಿದ್ದರು. ಅವರಿಂದಾಗಿ ಸುಮಾರು 200 ಪ್ರಕರಣಗಳು ಬಿದ್ದುಹೋದವು. ನಗರವು 88 ಜನರಿಗೆ 35 ಲಕ್ಷ ಡಾಲರ್ ಪರಿಹಾರ ಕೊಡಬೇಕಾಯಿತು. ಕೊಲೆ ಕಣ್ಣಾರೆ ಕಂಡವನು ಇಂಥವರ ಮುಂದೆ ಬಾಯಿ ಬಿಡುತ್ತಾನೆಯೇ? ಸಾಕ್ಷಿ ಇಲ್ಲದ ಊರಿನಲ್ಲಿ ಕೊಲೆಗಾರನಿಗೆ ಭಯವಾದರೂ ಯಾರದ್ದು?

ಅಂಥ ಇಲಾಖೆಗೆ ತೇಪೆ ಹಾಕಿ ಉಪಯೋಗವಿರಲಿಲ್ಲ. ಎಲ್ಲರನ್ನೂ ಕೆಲಸದಿಂದ ತೆಗೆದು, ಬೇಕಾದವರು ಹೊಸದಾಗಿ ಅರ್ಜಿ ಹಾಕಲಿ ಎಂದರು. ಪೊಲೀಸರ ಸಂಘದ ಜೊತೆಗಿದ್ದ ಹಳೆಯ ಒಪ್ಪಂದದ ಹೊರೆ ಹೋದದ್ದರಿಂದ ಉಳಿದ ಹಣದಲ್ಲಿ ಹೆಚ್ಚು ಜನರನ್ನು ನೇಮಿಸಿಕೊಳ್ಳಲು ಸಾಧ್ಯವಾಯಿತು. ಮುಖ್ಯಸ್ಥ ಸ್ಕಾಟ್ ಥಾಮ್ಸನ್ ಪೊಲೀಸರನ್ನು ಕಾರಿನಿಂದ ಇಳಿಸಿ ಕಾಲ್ನಡಿಗೆಯ ಗಸ್ತಿಗೆ ಹಚ್ಚಿದರು.

2015ರ ನವೆಂಬರ್‌ನ ಒಂದು ವಿಡಿಯೊವನ್ನು ನೋಡಬೇಕು. ಒಬ್ಬ ಮನುಷ್ಯ ಅಂಗಡಿಯಿಂದ ಹೊರಬಂದು ಚಾಕು ಬೀಸುತ್ತಾ ರಸ್ತೆಯಲ್ಲಿ ನಡೆಯುತ್ತಾನೆ. ಪೊಲೀಸರು ಅವನ ಸುತ್ತ ದೂರದಿಂದ ಬಳಸಿ ನಿಂತು, ಅವನ ಹೆಜ್ಜೆಗೆ ಹೆಜ್ಜೆ ಹಾಕುತ್ತಾ, ಚಾಕು ಕೆಳಗಿಡು ಎಂದು ಹೇಳುತ್ತಲೇ ಸಾಗುತ್ತಾರೆ. ಕೊನೆಗೆ ಚಾಕು ಕೈಯಿಂದ ಬಿದ್ದಾಗ ಅವನನ್ನು ಹಿಡಿಯುತ್ತಾರೆ. ಒಂದು ಗುಂಡೂ ಹಾರಲಿಲ್ಲ. ಅಮೆರಿಕದ ಎಷ್ಟೋ ಊರುಗಳಲ್ಲಿ ಆ ಮನುಷ್ಯ ಹೆಣವಾಗುತ್ತಿದ್ದ. ಗುಂಡೇಟು ತಿಂದವರನ್ನು ಆಂಬ್ಯುಲೆನ್ಸ್‌ಗೆ ಕಾಯದೆ ತಮ್ಮ ಕಾರಿನಲ್ಲೇ ಕೂಪರ್ ಆಸ್ಪತ್ರೆಗೆ ಒಯ್ಯುವುದನ್ನೂ ಇದೇ ಪಡೆ ರೂಢಿಗೆ ತಂದಿತು.

2020ರಲ್ಲಿ ದೇಶದಾದ್ಯಂತ ಕೊಲೆಗಳು ಶೇ 30ರಷ್ಟು ಏರಿದವು. ಕ್ಯಾಮ್ಡನ್‌ನಲ್ಲಿ ಏರಲಿಲ್ಲ. ಪೊಲೀಸರ ಕೈಯಲ್ಲಿ ಕಪ್ಪು ವರ್ಣೀಯ ಜಾರ್ಜ್ ಫ್ಲಾಯ್ಡ್ ಹತನಾದ ನಂತರ ಮಿನಿಯಾಪೊಲಿಸ್ ಹೊತ್ತಿ ಉರಿಯುತ್ತಿದ್ದಾಗ, ಇಲ್ಲಿನ ಪೊಲೀಸ್ ಮುಖ್ಯಸ್ಥರು ಪ್ರತಿಭಟನಾಕಾರರ ಜೊತೆ ಬ್ಯಾನರ್ ಹಿಡಿದು ನಡೆದರು. ಹಳೆಯ ಇಲಾಖೆಯಿಂದ ಇದನ್ನು ನಿರೀಕ್ಷಿಸುವುದು ಸಾಧ್ಯವಿರಲಿಲ್ಲ.

ವಿರೋಧ

ಹೋಲಿಕೆಗೆ 2012ನ್ನೇ ಏಕೆ ಆರಿಸುತ್ತಾರೆ ಎಂದು ಮೊದಲು ಕೇಳೋಣ. 2011ರ ಜನವರಿಯಲ್ಲಿ ಹಣವಿಲ್ಲವೆಂದು ನಗರವು 168 ಪೊಲೀಸರನ್ನು, ಅಂದರೆ ಪಡೆಯ ಹತ್ತಿರಹತ್ತಿರ ಅರ್ಧದಷ್ಟನ್ನು, ಒಂದೇ ಏಟಿಗೆ ಮನೆಗೆ ಕಳುಹಿಸಿತು. ಆಮೇಲೆ ಬಂದದ್ದು ಆ 67. ಅದಕ್ಕೆ ಮೊದಲು, 2009ರಲ್ಲಿ, ಹಳೆಯ ಇಲಾಖೆಯೇ ಇದ್ದಾಗ ಕೊಲೆಗಳು ನಲವತ್ತಕ್ಕಿಂತ ಕಡಿಮೆಯಿದ್ದವು. ಹೊಸ ಪಡೆಯ ಮೊದಲ ಪೂರ್ಣ ವರ್ಷವಾದ 2014ರಲ್ಲಿ 33. 2016ರಲ್ಲಿ ಮತ್ತೆ 44. ಪಡೆಯನ್ನು ಅರ್ಧ ಮಾಡಿದಾಗ ಕೊಲೆ ಹೆಚ್ಚಿತು, ಸುಮಾರು 400 ಜನರ ಪಡೆ ಕಟ್ಟಿದಾಗ ಇಳಿಯಿತು. ಇದರಲ್ಲಿ ವಿಸರ್ಜನೆಯ ಮಹಿಮೆ ಎಲ್ಲಿದೆ? ಪೊಲೀಸರನ್ನು ಕಡಿಮೆ ಮಾಡಿ ಎಂದು 2020ರಲ್ಲಿ ಕ್ಯಾಮ್ಡನ್‌ನ ಹೆಸರು ಹೇಳಿದವರಂತೂ ಈ ಊರಿನ ಕಥೆಯನ್ನು ತಲೆಕೆಳಗಾಗಿ ಓದಿದ್ದರು.

ಬೀದಿಗೆ ಮರಳಿದ ಪೊಲೀಸರು ಶುರುವಿನಲ್ಲಿ ಮಾಡಿದ್ದೇನು? ಬೈಸಿಕಲ್‌ಗೆ ಗಂಟೆ ಇಲ್ಲ, ಕಾರಿನ ಗಾಜು ಕಪ್ಪಾಗಿದೆ ಎಂದು ಬಡವರ ಕೈಗೆ ದಂಡದ ಚೀಟಿ ಕೊಟ್ಟರು. ಅತಿಯಾದ ಬಲಪ್ರಯೋಗದ ದೂರುಗಳು 2014ರಲ್ಲಿ 65ಕ್ಕೆ ಏರಿದವು. ನಾಗರಿಕ ಹಕ್ಕುಗಳ ಸಂಘಟನೆಗಳು ಬೆನ್ನುಬಿದ್ದ ಮೇಲೆ ದಾರಿ ಬದಲಾಯಿತು. ಜೀವ ಉಳಿಸುವುದೇ ಮೊದಲು ಎನ್ನುವ ಬಲಪ್ರಯೋಗದ ನಿಯಮಾವಳಿ ಲಿಖಿತವಾಗಿ ಬಂದದ್ದು 2019ರಲ್ಲಿ, ವಿಸರ್ಜನೆಯಾಗಿ ಆರು ವರ್ಷಗಳ ಮೇಲೆ. ಆ ನಿಯಮಗಳು ನಿಜಕ್ಕೂ ಒಳ್ಳೆಯವು. ಅವನ್ನು ಬರೆಯಲು ಇಲಾಖೆಯನ್ನು ಮುಚ್ಚಲೇಬೇಕಿತ್ತು ಎಂಬುದನ್ನು ಮಾತ್ರ ಒಪ್ಪಲಾರೆ.

ಊರು ಕೆಟ್ಟದ್ದಾದರೂ ಪೊಲೀಸರಿಂದಲ್ಲ. ಒಂದು ಕಾಲಕ್ಕೆ ಇಲ್ಲಿ ಯುದ್ಧನೌಕೆ ಕಟ್ಟುತ್ತಿದ್ದರು, ಗ್ರಾಮಫೋನ್ ತಟ್ಟೆ ಒತ್ತುತ್ತಿದ್ದರು, ಕ್ಯಾಂಪ್‌ಬೆಲ್ ಸೂಪಿನ ಡಬ್ಬ ತುಂಬುತ್ತಿದ್ದರು. ಹಡಗುಕಟ್ಟೆ 1967ರಲ್ಲಿ, ಸೂಪಿನ ಕಾರ್ಖಾನೆ 1990ರಲ್ಲಿ ಮುಚ್ಚಿದವು. ದುಡಿಮೆ ಹೋದಲ್ಲಿ ಹೆರಾಯಿನ್ ಬಂತು. ಕಳೆದ ದಶಕದಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು, ಪಾಳುಬಿದ್ದ ನೂರಾರು ಮನೆಗಳನ್ನು ಕೆಡವಿದರು, ರಾಜ್ಯವು ನೂರು ಕೋಟಿ ಡಾಲರ್‌ಗೂ ಮೀರಿದ ತೆರಿಗೆ ವಿನಾಯಿತಿ ಕೊಟ್ಟು ಕಂಪನಿಗಳನ್ನು ಕರೆತಂದಿತು. ಆ ಕೆಲಸಗಳಲ್ಲಿ ಸ್ಥಳೀಯರಿಗೆ ಸಿಕ್ಕಿದ್ದು ಕಡಿಮೆ ಎಂಬ ಸಿಟ್ಟು ಊರಿನಲ್ಲಿದೆ, ಅದು ನ್ಯಾಯವೂ ಹೌದು. ಆದರೂ ಇಷ್ಟೆಲ್ಲ ಒಟ್ಟಿಗೆ ನಡೆಯುವಾಗ ಒಂದೇ ಕಾರಣವನ್ನು ಎತ್ತಿ ಹಿಡಿಯಲಾಗದು. 2024ರ 17 ಕೊಲೆಗಳೂ ಲಕ್ಷಕ್ಕೆ ಸುಮಾರು 24 ಆಗುತ್ತವೆ, ದೇಶದ ಸರಾಸರಿಯ ನಾಲ್ಕೈದು ಪಟ್ಟು.

ನನಗೆ ಎಲ್ಲಕ್ಕಿಂತ ನೋವು ತರುವುದು ಇದನ್ನು ಮಾಡಿದ ರೀತಿ. ವಿಷಯವನ್ನು ಮತಕ್ಕೆ ಹಾಕಿ ಎಂದು 2012ರಲ್ಲಿ ನಿವಾಸಿಗಳು ಸಹಿ ಸಂಗ್ರಹಿಸಿ ಅರ್ಜಿ ಕೊಟ್ಟರು. ಮೇಯರ್ ಕೋರ್ಟಿಗೆ ಹೋದರು, ಮತದಾನ ನಡೆಯಲಿಲ್ಲ. ಕೌಂಟಿಯ ಎಲ್ಲ ಊರುಗಳಿಗೂ ಒಂದೇ ಪಡೆ ಎಂಬುದು ಆಗಿನ ಮಾತು. ಪಕ್ಕದ ಊರುಗಳು ಸುತರಾಂ ಒಪ್ಪದೆ ತಮ್ಮ ತಮ್ಮ ಠಾಣೆಗಳನ್ನು ಉಳಿಸಿಕೊಂಡವು. ಹೊಸ ಪಡೆಗೆ ಸೇರಿದ ಊರು ಕ್ಯಾಮ್ಡನ್ ಒಂದೇ, ಅದೂ ತನ್ನ ಜನರನ್ನು ಕೇಳದೆ.