ರೋಗಿಗಳ ಪ್ರತಿನಿಧಿಯ ಆರೋಗ್ಯ ಚೆನ್ನಾಗಿದೆ

ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರ ಆಗುಹೋಗುಗಳನ್ನು ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿಗೆ ರೋಗಿಗಳ ಪರವಾಗಿ ನೇಮಕವಾಗಿರುವ ಸದಸ್ಯರು ಕಬ್ಬಿಣ-ಸಿಮೆಂಟಿನ ವ್ಯಾಪಾರಿಗಳು. ನೆಗಡಿಯಾದರೂ ಬೆಂಗಳೂರಿನ ಖಾಸಗಿ ಆಸ್ಪತ್ರೆಗೇ ಹೋಗುವವರಾದ್ದರಿಂದ, ಇಲ್ಲಿನ ಹೊರರೋಗಿ ಚೀಟಿಯ ಬಣ್ಣವನ್ನು ಅವರು ಈವರೆಗೆ ಕಂಡಿಲ್ಲ.

ಇದನ್ನು ಆಕ್ಷೇಪಿಸುವ ಕುಹಕಿಗಳಿಗೆ ಆಡಳಿತದ ಸೂಕ್ಷ್ಮ ತಿಳಿಯದು. ಸಮಿತಿಯ ಸಭೆ ನಡೆಯುವುದು ಎರಡನೆಯ ಮಹಡಿಯಲ್ಲಿ. ಲಿಫ್ಟ್ ಇದೆ, ಅದರ ಉದ್ಘಾಟನೆಯ ಕಲ್ಲೂ ಇದೆ, ಓಡುವುದಿಲ್ಲ ಅಷ್ಟೆ. ಈ ಸೀಮೆಯ ಕೊಳವೆಬಾವಿಗಳ ಫ್ಲೋರೈಡ್ ನೀರನ್ನು ವರ್ಷಗಟ್ಟಲೆ ಕುಡಿದು ಮೊಣಕಾಲು ಸೊಟ್ಟಗಾದವರು ಆ ಮೆಟ್ಟಿಲುಗಳನ್ನು ಹತ್ತಬಲ್ಲರೇ? ವಾರಕ್ಕೆ ಎರಡು-ಮೂರು ಸಲ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ತಾಸುಗಟ್ಟಲೆ ಮಲಗಬೇಕಾದವರು, ಅಧ್ಯಕ್ಷರು ಬಂದಾಗ ಆರಂಭವಾಗುವ ಸಭೆಗೆ ಬಾಗಿಲು ಕಾಯಬಲ್ಲರೇ? ರೋಗಿಗಳನ್ನು ಪ್ರತಿನಿಧಿಸಲು ಗಟ್ಟಿ ದೇಹ ಬೇಕು, ಅದು ರೋಗಿಗಳಲ್ಲಿಲ್ಲ.

1978ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಅಲ್ಮಾ ಆಟಾ ನಗರದಲ್ಲಿ ಆರೋಗ್ಯದ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಸೇರಿದ್ದ ದೇಶಗಳು, ಆರೋಗ್ಯ ಸೇವೆಯ ಯೋಜನೆಯಲ್ಲೂ ಜಾರಿಯಲ್ಲೂ ಭಾಗವಹಿಸುವುದು ಜನರ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದು ಎಂದು ಘೋಷಿಸಿದ್ದವು. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಹಳ್ಳಿಹಳ್ಳಿಗೂ ಸಮಿತಿ ಮಾಡಿಸಿತು. ನಮ್ಮವರು ಹಕ್ಕಿನ ಗೊಡವೆಗೆ ಹೋಗದೆ ಕರ್ತವ್ಯದ ಭಾಗವನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡರು. ಕರೆದಾಗ ಬಂದು ಫೋಟೊಗೆ ನಿಲ್ಲುವುದು ರೋಗಿಯ ಕರ್ತವ್ಯವಲ್ಲದೆ ಇನ್ನೇನು?

ಹಾಗೆ ಕಳೆದ ಸಭೆಗೆ ಒಬ್ಬ ಅಜ್ಜಿಯನ್ನು ಔಷಧಿ ಕೌಂಟರಿನ ಸಾಲಿನಿಂದಲೇ ಮೇಲಕ್ಕೆ ಕರೆತರಲಾಯಿತು. ಸೆರಗಿನ ತುದಿಯಲ್ಲಿ ಬಸ್ಸಿನ ಚಿಲ್ಲರೆ, ಕೈಯಲ್ಲಿ ನಾಲ್ಕಾಗಿ ಮಡಚಿದ ಚೀಟಿ. "ಹೇಳಮ್ಮ, ನೀತಿ ಹೇಗಿರಬೇಕು?" ಎಂದು ಅಧ್ಯಕ್ಷರು ಕೇಳಿದರು. "ನೀತಿಗೀತಿ ನಂಗೊತ್ತಿಲ್ಲ ಸ್ವಾಮಿ. ರಕ್ತದ ರಿಪೋರ್ಟು ಎರಡು ಗಂಟೆಗೆ ಕೊಡ್ತಾರೆ, ಗುಳಿಗೆ ಕೊಡೋರು ಒಂದೂವರೆಗೇ ಬಾಗ್ಲು ಹಾಕ್ತಾರೆ. ಗುಳಿಗೆಗಂತ ನಾಳೆ ಮತ್ತೆ ಬರ್ಬೇಕು. ಎರಡನ್ನೂ ಒಂದೇ ಹೊತ್ತಿಗೆ ಮಾಡಿಸ್ರಿ" ಎಂದಳು ಅಜ್ಜಿ. ಬೆಂಗಳೂರಿನಲ್ಲಿ ಸಲಹಾ ಸಂಸ್ಥೆಗಳು ದಪ್ಪ ವರದಿ ಬರೆದು ಹೇಳುವುದನ್ನು ಆಕೆ ಒಂದೇ ಉಸಿರಿನಲ್ಲಿ ಹೇಳಿದ್ದು ಸಭೆಯ ಶಿಷ್ಟಾಚಾರಕ್ಕೆ ಒಪ್ಪುವಂತಿರಲಿಲ್ಲ. ಮೇಲಾಗಿ ನಡಾವಳಿ ಹಿಂದಿನ ದಿನವೇ ಟೈಪಾಗಿತ್ತು. ಅದರಂತೆ ಆಸ್ಪತ್ರೆಯ ಮುಂದೆ ಸ್ವಾಗತ ಕಮಾನು ಕಟ್ಟಿಸಲು ಒಪ್ಪಿಗೆ ದೊರೆಯಿತು. ರೋಗಿಗಳ ಪ್ರತಿನಿಧಿಗಳು ಕೈಯೆತ್ತಿ ಅನುಮೋದಿಸಿದರು. ಕಮಾನಿಗೆ ಸಿಮೆಂಟು ಬೇಕಲ್ಲವೇ? ಅಜ್ಜಿಯ ಮಾತು "ರೋಗಿಗಳ ಅಭಿಪ್ರಾಯ ಪಡೆಯಲಾಯಿತು" ಎಂಬ ಸಾಲಿನೊಳಗೆ ಸೇರಿತು. ಕೆಳಗೆ ಆಕೆಯ ಹೆಬ್ಬೆಟ್ಟು ಒತ್ತಿಸಿಕೊಳ್ಳಲಾಯಿತು.

ಗೋಡಂಬಿ, ಬಿಸ್ಕತ್ತು, ಕಾಫಿಯ ನಂತರ ಸಭೆ ಮುಗಿದಾಗ ಒಂದು ಮುಕ್ಕಾಲು. ಅಜ್ಜಿ ಮೆಟ್ಟಿಲಿಳಿದು ಬರುವಷ್ಟರಲ್ಲಿ ಕೌಂಟರಿನ ಬಾಗಿಲು ಹಾಕಿತ್ತು.