ಥಾಯ್ಲೆಂಡ್‌ನ ಫುಕೆಟ್‌ಗೆ ಹೊರಟಿದ್ದೀರಾ? ಮೊದಲು ಯಾವ ತಿಂಗಳು ಅಂತ ನೋಡಿ

ಈ ವಾರ ಇಬ್ಬರು ಗೆಳತಿಯರು ಒಂದೇ ಪ್ರಶ್ನೆ ಕೇಳಿದರು. "ಜುಲೈನಲ್ಲಿ ಫುಕೆಟ್ ಪ್ಯಾಕೇಜ್ ತುಂಬಾ ಕಡಿಮೆಗೆ ಸಿಗ್ತಿದೆ, ಬುಕ್ ಮಾಡ್ಲಾ?" ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಮರವಂತೆ ಕಡೆ. ಮಳೆಗಾಲ ಶುರುವಾದರೆ ಅಜ್ಜಿ ನಮ್ಮನ್ನು ಕಡಲ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳೂ ದಡ ಸೇರಿರುತ್ತವೆ. ಆದರೆ ವಿಮಾನ ಹತ್ತಿ ಹೊರದೇಶಕ್ಕೆ ಹೋದಾಗ ಈ ತಿಳಿವಳಿಕೆಯನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇವೆ. ಫುಕೆಟ್‌ನ ಪಶ್ಚಿಮ ದಡಕ್ಕೆ ಬಡಿಯುವುದೂ ಇದೇ ನೈಋತ್ಯ ಮುಂಗಾರು. ಮೇ ತಿಂಗಳಿಂದ ಅಕ್ಟೋಬರ್‌ವರೆಗೂ ಇರುತ್ತದೆ. ಪತಾಂಗ್, ಕರೋನ್, ಕಾತಾ ಎಲ್ಲವೂ ಅಂಡಮಾನ್ ಸಮುದ್ರಕ್ಕೆ ಮುಖ ಮಾಡಿರುವ ಬೀಚುಗಳು. ಜಾಹೀರಾತಿನಲ್ಲಿ ಕಾಣುವ ಆ ತಿಳಿನೀರು ಜನವರಿ, ಫೆಬ್ರವರಿಯದು. ಜುಲೈನಲ್ಲಿ ಅಲ್ಲಿರುವುದು ನಮ್ಮೂರಿನದೇ ಮಳೆಗಾಲದ ಕಡಲು.

ಎರಡು ವರ್ಷದ ಹಿಂದೆ ಜುಲೈನಲ್ಲೇ ನಾವು ಆರು ಜನ ಹೋಗಿದ್ದೆವು. ಟಿಕೆಟ್ ಮಾಡಿಕೊಟ್ಟ ಏಜೆಂಟ್ ಮಳೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಕಡಲ ಪಕ್ಕದವಳಾದ ನನಗೂ ಹೊಳೆಯಲಿಲ್ಲ. ಕರೋನ್ ಬೀಚಿಗೆ ಹೋದರೆ ಸಾಲಾಗಿ ಕೆಂಪು ಬಾವುಟ. ಕೆಂಪು ಅಂದರೆ ನೀರಿಗೆ ಇಳಿಯಲೇಬಾರದು ಅಂತ. ಅಕ್ಕನ ಮಗನಿಗೆ ಹದಿನಾರು ವರ್ಷ, ಈಜುಕೊಳದಲ್ಲಿ ಪದಕ ತಗೊಂಡ ಹುಡುಗ. "ಚಿಕ್ಕಮ್ಮ, ಅಲ್ಲಿ ನೋಡು, ಆ ಜಾಗದಲ್ಲಿ ಅಲೆನೇ ಇಲ್ಲ" ಅಂದ. ನಿಜ, ಎರಡು ಕಡೆ ನೊರೆ ಎದ್ದು ಬಡಿಯುತ್ತಿತ್ತು, ನಡುವೆ ಒಂದು ಪಟ್ಟಿ ಮಾತ್ರ ಸುಮ್ನೆ ಇತ್ತು. ನಾನು ಬೇಡ ಅನ್ನುವಷ್ಟರಲ್ಲಿ ಸೊಂಟದವರೆಗೆ ಇಳಿದಿದ್ದ. ಮರುಕ್ಷಣ ಅವನ ಕಾಲು ನೆಲದಲ್ಲಿರಲಿಲ್ಲ. ಸೀಟಿ ಊದಿಕೊಂಡು ಓಡಿಬಂದ ಜೀವರಕ್ಷಕರು ಹಲಗೆಯ ಮೇಲೆ ಮಲಗಿಸಿ ಎಳೆದು ತಂದರು. ಅಕ್ಕ ಆ ದಿನ ರಾತ್ರಿ ಊಟ ಮಾಡಲಿಲ್ಲ.

ಆ ಸುಮ್ಮನಿದ್ದ ಪಟ್ಟಿಯೇ ಅಪಾಯದ ಜಾಗ. ಅಲೆಗಳು ದಡಕ್ಕೆ ತಂದು ಸುರಿದ ನೀರೆಲ್ಲ ಎಲ್ಲಿಂದಾದರೂ ವಾಪಸ್ ಹೋಗಲೇಬೇಕು ಅಲ್ವಾ? ಮರಳ ದಿಬ್ಬಗಳ ನಡುವೆ ಎಲ್ಲಿ ಆಳ ಜಾಸ್ತಿಯೋ ಅಲ್ಲಿಂದ ಹೊಳೆಯ ಹಾಗೆ ಕಡಲಿನ ಕಡೆ ಓಡುತ್ತದೆ. ಆಳ ಇರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ, ನೋಡುವವರಿಗೆ ಶಾಂತವಾಗಿ ಕಾಣುತ್ತದೆ. ಈ ಸೆಳೆತ ಮನುಷ್ಯನನ್ನು ಕೆಳಗೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಅದರ ಎದುರು ಈಜಿ ದಡ ಸೇರುತ್ತೇನೆ ಅಂತ ಹೊರಟವರು ಸುಸ್ತಾಗಿ ಮುಳುಗುತ್ತಾರೆ. ಸಿಕ್ಕಿಕೊಂಡರೆ ಮೊದಲು ತೇಲಿ. ಕೈ ಎತ್ತಿ ಕೂಗಿ. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ, ಅಂದರೆ ಎಡಕ್ಕೋ ಬಲಕ್ಕೋ, ಈಜಿ ಆ ಪಟ್ಟಿಯಿಂದ ಹೊರಗೆ ಬನ್ನಿ. ಆಮೇಲೆ ಅಲೆಗಳ ಜೊತೆ ದಡದ ಕಡೆಗೆ. ಮಕ್ಕಳಿಗೆ ಇದನ್ನು ಹೋಗುವ ಮುಂಚೆಯೇ ಹೇಳಿಕೊಡಿ. ಕೆಂಪು-ಹಳದಿ ಬಾವುಟಗಳ ನಡುವಿನ ಜಾಗದಲ್ಲಿ ಮಾತ್ರ ಜೀವರಕ್ಷಕರ ಕಣ್ಣಿರುತ್ತದೆ, ಅಲ್ಲೇ ಇಳಿಯಿರಿ.

ದೋಣಿಯ ವಿಷಯವೂ ಅಷ್ಟೇ. 2018ರ ಜುಲೈ 5ರಂದು ಫುಕೆಟ್ ಹತ್ತಿರ ಬಿರುಗಾಳಿಗೆ ಸಿಕ್ಕಿ ಪ್ರವಾಸಿ ದೋಣಿಯೊಂದು ಮುಳುಗಿತು. ಸತ್ತವರು 47 ಜನ, ಎಲ್ಲರೂ ಚೀನಾದಿಂದ ರಜೆಗೆ ಬಂದವರು. ಅದಕ್ಕೆ ಹೇಳುತ್ತೇನೆ, ಹವಾಮಾನ ಕೆಟ್ಟಿದ್ದರೆ ಫಿ ಫಿ ದ್ವೀಪದ ಟೂರಿಗೆ ಕೊಟ್ಟ ದುಡ್ಡು ಹೋದರೂ ಪರವಾಗಿಲ್ಲ. ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲಿರಲಿ. ಇನ್ನೊಂದು ವಿಷಯ. ಫಿ ಫಿ ದ್ವೀಪಗಳಲ್ಲಿ ಎಲ್ಲರೂ ನೋಡಬೇಕು ಅನ್ನುವ ಮಾಯಾ ಬೇ ಕಡಲತೀರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮುಚ್ಚಿರುತ್ತದೆ. ಜನ ಜಾಸ್ತಿಯಾಗಿ ಹವಳ ಹಾಳಾಯಿತು ಅಂತ 2018ರಲ್ಲಿ ಮುಚ್ಚಿ, 2022ರಲ್ಲಿ ತೆರೆದರು. ತೆರೆದ ಮೇಲೂ ಅಲ್ಲಿ ಈಜಲು ಬಿಡುವುದಿಲ್ಲ. ಆ ನಿರ್ಧಾರ ನನಗೆ ತುಂಬಾ ಸರಿ ಅನ್ನಿಸುತ್ತದೆ.

ಜುಲೈ, ಆಗಸ್ಟ್‌ನಲ್ಲೇ ರಜೆ ಸಿಗೋದು ಅನ್ನುವವರಿಗೆ ಥಾಯ್ಲೆಂಡ್‌ನಲ್ಲೇ ಬೇರೆ ದಾರಿ ಇದೆ. ಪೂರ್ವ ದಡದ ಕೊ ಸಮುಯಿ ದ್ವೀಪಕ್ಕೆ ಹೋಗಿ. ಮಂಗಳೂರಿಗೆ ಜೋರು ಮಳೆ ಜೂನ್, ಜುಲೈನಲ್ಲಿ, ಚೆನ್ನೈಗೆ ನವೆಂಬರ್ ಹೊತ್ತಿಗೆ. ಫುಕೆಟ್‌ಗೂ ಸಮುಯಿಗೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಅದೇ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. 2025ರ ಮೇ ತಿಂಗಳಿಂದ ಥಾಯ್ಲೆಂಡ್‌ಗೆ ಇಳಿಯುವ ಮೊದಲು ಆನ್‌ಲೈನ್‌ನಲ್ಲಿ ಅರೈವಲ್ ಕಾರ್ಡ್ ತುಂಬಬೇಕು. ಇದು ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಸಿಕ್ಕರೆ ಮುಚ್ಚಿಬಿಡಿ. ಇ-ಸಿಗರೇಟ್ ಬ್ಯಾಗಿನಲ್ಲಿ ಇರಲೇಬಾರದು, ಅಲ್ಲಿ ಕಾನೂನುಬಾಹಿರ. ಸ್ಕೂಟರ್ ಬಾಡಿಗೆಗೆ ಸುಲಭವಾಗಿ ಸಿಗುತ್ತದೆ, ನಮ್ಮ ಹಾಗೆ ಎಡಗಡೆಯೇ ಓಡಿಸುತ್ತಾರೆ. ಆದರೆ ನಮ್ಮ ಆರ್‌ಟಿಒ ಕೊಡುವ ಇಂಟರ್‌ನ್ಯಾಷನಲ್ ಪರ್ಮಿಟ್ ಬೇಕು, ಅದರಲ್ಲಿ ಬೈಕ್ ಸೇರಿರಬೇಕು. ಇಲ್ಲದೆ ಬಿದ್ದರೆ ವಿಮೆಯವರು ಆಸ್ಪತ್ರೆ ಬಿಲ್ ಕೊಡುವುದು ಕಷ್ಟ. ಬಾಡಿಗೆಗೆ ಅಂತ ಪಾಸ್‌ಪೋರ್ಟ್ ಮಾತ್ರ ಯಾರ ಕೈಗೂ ಅಡ ಇಡಬೇಡಿ. ಜೆಟ್ ಸ್ಕೀ ಹತ್ತುವ ಮೊದಲು ಸುತ್ತಲೂ ವಿಡಿಯೋ ಮಾಡಿಕೊಳ್ಳಿ, ಹಳೆಯ ಗೀರುಗಳಿಗೆ ಆಮೇಲೆ ನಿಮ್ಮ ಹತ್ತಿರ ದುಡ್ಡು ಕೇಳಬಹುದು.

ಊಟದ್ದು ಅಮ್ಮನಿಗೆ ದೊಡ್ಡ ಚಿಂತೆಯಾಗಿತ್ತು. ತರಕಾರಿ ಪಲ್ಯಕ್ಕೂ ಅಲ್ಲಿ ಮೀನಿನ ಸಾಸ್ ಹಾಕುತ್ತಾರೆ. ಸಸ್ಯಾಹಾರಿಗಳು "ಜೇ" ಅನ್ನುವ ಪದ ಕಲಿತುಕೊಳ್ಳಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಅದನ್ನು ಬರೆದ ಅಂಗಡಿಯಲ್ಲಿ ಮೀನು, ಮಾಂಸ, ಮೊಟ್ಟೆ, ಹಾಲು, ಈರುಳ್ಳಿ, ಬೆಳ್ಳುಳ್ಳಿ ಏನೂ ಇರುವುದಿಲ್ಲ. ಅಮ್ಮ ನಾಲ್ಕು ದಿನ ನೆಮ್ಮದಿಯಿಂದ ಉಂಡರು.

ಟಿಕೆಟ್ ಆಗಿಹೋಗಿದೆ ಅನ್ನುವವರು ಹೋಗಿ ಬನ್ನಿ, ಆದರೆ ಈಜುಕೊಳ ಇರುವ ಹೋಟೆಲ್ ನೋಡಿ. ಮಳೆ ಬಂದ ದಿನ ಹಳೆಯ ಫುಕೆಟ್ ಪಟ್ಟಣಕ್ಕೆ ಹೋಗಿ. ತವರದ ಗಣಿಗಳಿಂದ ಶ್ರೀಮಂತರಾದ ಚೀನೀ ವ್ಯಾಪಾರಿಗಳು ಕಟ್ಟಿಸಿದ ಬಣ್ಣಬಣ್ಣದ ಮನೆಗಳಿವೆ, ಭಾನುವಾರ ಸಂಜೆ ಥಲಾಂಗ್ ರಸ್ತೆಯಲ್ಲಿ ಸಂತೆ ಇರುತ್ತದೆ. ನಮ್ಮ ಹುಡುಗನ ಫೋನಿನಲ್ಲಿ ಎರಡು ನಂಬರ್ ಈಗಲೂ ಇವೆ. ಪ್ರವಾಸಿ ಪೊಲೀಸರದು 1155, ಆಂಬುಲೆನ್ಸ್‌ನದು 1669. ನೀವೂ ಹೊರಡುವ ಮುಂಚೆಯೇ ಸೇವ್ ಮಾಡಿಕೊಳ್ಳಿ.