ವಿಟಮಿನ್ ಡಿ ಕಡಿಮೆ ಇತ್ತು, ಅದಕ್ಕೇ ಐವಿಎಫ್ ಫೇಲ್ ಆಯ್ತಾ?

ಮಕ್ಕಳಿಗಾಗಿ ಚಿಕಿತ್ಸೆ ತೆಗೆದುಕೊಳ್ಳುತ್ತಿರುವ ನನ್ನ ಗೆಳತಿಯರಲ್ಲಿ ವಿಟಮಿನ್ ಡಿ ರಿಪೋರ್ಟ್ ಸರಿ ಬಂದವರು ತೀರಾ ಕಡಿಮೆ. ಮೊದಲು ಅದನ್ನು ಯಾರೂ ತಲೆಗೆ ಹಚ್ಚಿಕೊಳ್ಳುವುದಿಲ್ಲ. ಐವಿಎಫ್‌ನಲ್ಲಿ, ಅಂದರೆ ಅಂಡಾಣು-ವೀರ್ಯಾಣುವನ್ನು ದೇಹದ ಹೊರಗೆ ಸೇರಿಸಿ ಬೆಳೆಸಿದ ಭ್ರೂಣವನ್ನು ಗರ್ಭಕೋಶಕ್ಕೆ ಹಾಕಿಸಿಕೊಂಡು, ಉಸಿರು ಬಿಗಿಹಿಡಿದು ಕಾದು, ಕೊನೆಗೆ ಗರ್ಭ ನಿಂತಿದೆಯೇ ಎಂದು ಹೇಳುವ ರಕ್ತಪರೀಕ್ಷೆ ಬೀಟಾ ಎಚ್‌ಸಿಜಿ ನೆಗೆಟಿವ್ ಬಂದಾಗ ಹಳೇ ಫೈಲು ಹೊರಗೆ ಬರುತ್ತದೆ. ಅದರಲ್ಲಿ ದಪ್ಪ ಅಕ್ಷರದಲ್ಲಿ 'ಲೋ' ಎಂದು ಬರೆದಿರುವ ಸಾಲು ಸಾಮಾನ್ಯವಾಗಿ ಇದೊಂದೇ. "ದಿನಾ ಬಿಸಿಲಿಗೆ ಹೋಗಿದ್ದರೆ ನಿಲ್ತಿತ್ತೇನೋ" ಎಂದು ಚಿಕಿತ್ಸೆ ಪಡೆದವಳು ಅಂದುಕೊಳ್ಳುತ್ತಾಳೆ. ಅವಳು ಅಂದುಕೊಳ್ಳದಿದ್ದರೆ ಮನೆಯಲ್ಲಿ ಇನ್ಯಾರೋ ಅಂದೇ ಅನ್ನುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ.

ನಾನು ಡಾಕ್ಟರ್ ಅಲ್ಲ. ಆದರೆ ಈ ವಿಷಯದಲ್ಲಿ ಏನೇನು ಪ್ರಯೋಗ ನಡೆದಿದೆ ಎಂದು ಓದಿಕೊಂಡಿದ್ದೇನೆ. ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟೇ: ಮಾತ್ರೆ ತಗೊಳ್ಳಿ, ತಪ್ಪಿಲ್ಲ. ಆದರೆ ಚಿಕಿತ್ಸೆ ಸೋತದ್ದರ ಹೊಣೆಯನ್ನು ಆ ಒಂದು ಸಂಖ್ಯೆಯ ತಲೆಗೆ ಕಟ್ಟಬೇಡಿ.

ಅನುಮಾನವೇನೋ ಸುಮ್ನೆ ಹುಟ್ಟಿದ್ದಲ್ಲ. ವಿಟಮಿನ್ ಡಿ ಹೆಸರಿಗೆ ವಿಟಮಿನ್, ಮಾಡುವ ಕೆಲಸ ಹಾರ್ಮೋನಿನದು. ಬಿಸಿಲು ಬಿದ್ದಾಗ ಚರ್ಮದಲ್ಲಿ ತಯಾರಾಗುತ್ತದೆ. ಲಿವರ್‌ನಲ್ಲಿ ಒಮ್ಮೆ, ಕಿಡ್ನಿಯಲ್ಲಿ ಇನ್ನೊಮ್ಮೆ ರೂಪ ಬದಲಿಸಿಕೊಂಡು ಕೆಲಸಕ್ಕೆ ಇಳಿಯುತ್ತದೆ. ಅದನ್ನು ಹಿಡಿದುಕೊಳ್ಳುವ ರಿಸೆಪ್ಟರ್‌ಗಳು ಅಂಡಾಶಯದಲ್ಲಿವೆ, ಗರ್ಭಕೋಶದ ಒಳಪದರದಲ್ಲಿವೆ, ಪ್ಲಸೆಂಟಾದಲ್ಲಿ (ಮಾಸು) ಇವೆ, ವೀರ್ಯಾಣುವಿನಲ್ಲೂ ಇವೆ. ಭ್ರೂಣ ಅಂಟಿಕೊಳ್ಳಲು ಒಳಪದರವನ್ನು ಸಜ್ಜು ಮಾಡುವ ಹಾಕ್ಸ್ಎ10 ಎಂಬ ಜೀನ್ ಮೇಲೂ ಇದರ ಪ್ರಭಾವ ಇದೆ. ಇಷ್ಟೆಲ್ಲ ಗೊತ್ತಾದ ಮೇಲೆ 'ಕಡಿಮೆ ಇದ್ದರೆ ಗರ್ಭ ನಿಲ್ಲುವುದಕ್ಕೆ ತೊಂದರೆಯಾ' ಎಂದು ಯಾರಿಗಾದರೂ ಅನ್ನಿಸುತ್ತದೆ ಅಲ್ವಾ?

ಸಂಶೋಧಕರಿಗೂ ಅನ್ನಿಸಿತು. 2018ರಲ್ಲಿ 'ಹ್ಯೂಮನ್ ರಿಪ್ರೊಡಕ್ಷನ್' ಪತ್ರಿಕೆಯಲ್ಲಿ 11 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಶ್ಲೇಷಣೆ ಬಂತು. ಐವಿಎಫ್‌ನಂಥ ಚಿಕಿತ್ಸೆ ಪಡೆದ ಸುಮಾರು 2,700 ಹೆಂಗಸರ ಲೆಕ್ಕ ಅದು. ವಿಟಮಿನ್ ಡಿ ಸಾಕಷ್ಟು ಇದ್ದವರಲ್ಲಿ ಮಗು ಹುಟ್ಟುವ ಆಡ್ಸ್, ಅಂದರೆ ಮಗುವಾದವರಿಗೂ ಆಗದವರಿಗೂ ಇರುವ ಅನುಪಾತ, ಕಡಿಮೆ ಇದ್ದವರದರ 1.33 ಪಟ್ಟು ಕಂಡಿತು. ಪೇಪರ್‌ಗಳಿಗೆ ಇಷ್ಟೇ ಸಾಕಾಯಿತು. 'ವಿಟಮಿನ್ ಡಿ ತಿನ್ನಿ, ಮಗು ಪಡೆಯಿರಿ' ಎನ್ನುವ ಧಾಟಿಯ ತಲೆಬರಹಗಳು ಬಂದವು. ಆ ಲೇಖನ ಬರೆದವರು ಮಾತ್ರ ಹಾಗೆ ಹೇಳಿರಲಿಲ್ಲ. ಸಂಬಂಧ ಕಾಣುತ್ತಿದೆ, ಮಾತ್ರೆ ಕೊಟ್ಟರೆ ಫಲ ಸಿಗುತ್ತದೋ ಇಲ್ಲವೋ ಪ್ರಯೋಗ ಮಾಡಿಯೇ ನೋಡಬೇಕು ಎಂದಿದ್ದರು.

ಇದಕ್ಕಿಂತ ನನಗೆ ಕುತೂಹಲ ಹುಟ್ಟಿಸಿದ್ದು ದಾನಿಯ ಅಂಡಾಣು ಬಳಸಿದವರ ಅಧ್ಯಯನಗಳು. ಇಲ್ಲಿ ಅಂಡಾಣು ಒಬ್ಬರದು, ಗರ್ಭಕೋಶ ಇನ್ನೊಬ್ಬರದು. ಹಾಗಾಗಿ ವಿಟಮಿನ್ ಡಿ ಎಲ್ಲಿ ಕೆಲಸ ಮಾಡುತ್ತದೆ ಎಂದು ಬಿಡಿಸಿ ನೋಡಬಹುದು. 2014ರ ಅಮೆರಿಕದ ಒಂದು ಅಧ್ಯಯನದಲ್ಲಿ, ಅಂಡಾಣು ಪಡೆದ 99 ಹೆಂಗಸರ ಪೈಕಿ ವಿಟಮಿನ್ ಡಿ ಸಾಕಷ್ಟಿದ್ದವರಲ್ಲಿ ಗರ್ಭ ನಿಂತದ್ದು ಶೇ 78, ಇಲ್ಲದವರಲ್ಲಿ ಶೇ 37. ಗರ್ಭಕೋಶದ್ದೇ ಆಟ ಎನ್ನೋಣ ಅಂದರೆ, ಅದೇ ವರ್ಷ ಸ್ಪೇನ್‌ನಲ್ಲಿ ಹೆಚ್ಚು ಜನರ ಮೇಲೆ ನಡೆದ ಅದೇ ಬಗೆಯ ಅಧ್ಯಯನದಲ್ಲಿ ವ್ಯತ್ಯಾಸವೇ ಕಾಣಲಿಲ್ಲ! ಸಣ್ಣ ಗುಂಪಿನಲ್ಲಿ ಬರುವ ದೊಡ್ಡ ಅಂತರವನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು.

ಇನ್ನು ಯಾರಿಗೆ ವಿಟಮಿನ್ ಡಿ ಕಡಿಮೆ ಇರುತ್ತದೆ ಎಂದು ಒಂಚೂರು ಯೋಚಿಸಿ. ತೂಕ ಜಾಸ್ತಿ ಇರುವವರಿಗೆ, ಯಾಕೆಂದರೆ ಅದು ಕೊಬ್ಬಿನಲ್ಲಿ ಸೇರಿಕೊಂಡು ರಕ್ತದಲ್ಲಿ ಕಡಿಮೆಯಾಗುತ್ತದೆ. ಹೊರಗೆ ಓಡಾಡದವರಿಗೆ. ಯಾವುದೋ ಕಾಯಿಲೆಯಿಂದ ಮನೆಯಲ್ಲೇ ಇರುವವರಿಗೆ. ತೂಕವೂ ಕಾಯಿಲೆಯೂ ತಾವಾಗಿಯೇ ಗರ್ಭ ನಿಲ್ಲುವುದಕ್ಕೆ ಅಡ್ಡಿ ಮಾಡಬಲ್ಲವು. ಹಾಗಾದರೆ ಕಡಿಮೆ ಬಂದ ಸಂಖ್ಯೆ ಕಾರಣವೋ, ಬೇರೆ ಕಾರಣದ ಗುರುತೋ? ಮಳೆ ಬಂದ ದಿನ ರಸ್ತೆ ತುಂಬಾ ಕೊಡೆ ಕಾಣುತ್ತವೆ. ಹಾಗಂತ ಎಲ್ಲರೂ ಒಟ್ಟಿಗೆ ಕೊಡೆ ಬಿಚ್ಚಿದರೆ ಮಳೆ ಬರುವುದಿಲ್ಲ.

ಇದನ್ನು ತಿಳಿಯಲು ಇರುವ ದಾರಿ ಒಂದೇ. ಕಡಿಮೆ ಇರುವವರನ್ನೇ ಸೇರಿಸಿ, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ವಿಟಮಿನ್ ಡಿ, ಇನ್ನೊಂದಕ್ಕೆ ಏನೂ ಇಲ್ಲದ ಔಷಧಿ ಕೊಟ್ಟು ನೋಡುವುದು. ಇಟಲಿಯಲ್ಲಿ ಹಾಗೇ ಮಾಡಿದರು. ಸನ್‌ಡ್ರೊ ಎಂದು ಅದರ ಹೆಸರು, ಫಲಿತಾಂಶ ಬಂದದ್ದು 2021ರಲ್ಲಿ. 18ರಿಂದ 39 ವರ್ಷದ 630 ಹೆಂಗಸರು, ಎಲ್ಲರಿಗೂ ರಕ್ತದಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 30 ನ್ಯಾನೋಗ್ರಾಂಗಿಂತ ಕಡಿಮೆ. ಅರ್ಧ ಜನಕ್ಕೆ ಒಂದೇ ಸಲಕ್ಕೆ 6,00,000 ಯೂನಿಟ್ ವಿಟಮಿನ್ ಡಿ3 ಕೊಟ್ಟರು. ಆಮೇಲೆ ಐವಿಎಫ್. ಗರ್ಭ ನಿಂತದ್ದು ವಿಟಮಿನ್ ಪಡೆದವರಲ್ಲಿ ಶೇ 37, ಪಡೆಯದವರಲ್ಲಿ ಶೇ 40. ಅಂದರೆ ಏನೂ ಲಾಭ ಆಗಲಿಲ್ಲ. ವಯಸ್ಸು, ತೂಕ, ಅಂಡಾಣುಗಳ ಸಂಗ್ರಹ, ಮೊದಲು ಎಷ್ಟು ಕಡಿಮೆ ಇತ್ತು ಎಂದೆಲ್ಲ ಬೇರೆ ಬೇರೆ ಮಾಡಿ ನೋಡಿದರೂ ಲಾಭ ಆದವರ ಗುಂಪು ಸಿಗಲಿಲ್ಲ.

ಈ ಪ್ರಯೋಗಕ್ಕೂ ತಕರಾರು ಹೇಳುವವರಿದ್ದಾರೆ. ಒಮ್ಮೆಲೇ ಅಷ್ಟು ಕೊಡುವುದು ಬೇರೆ, ದಿನಾ ಸ್ವಲ್ಪ ಕೊಡುವುದು ಬೇರೆ. ಸೇರಿಸಿಕೊಂಡವರೆಲ್ಲ ಹದವಾದ ತೂಕದವರು. ಇವೆಲ್ಲ ನ್ಯಾಯವಾದ ಮಾತೇ. ಆದರೆ 'ಮಾತ್ರೆ ತಗೊಂಡಿದ್ದರೆ ಈ ಸಲ ಆಗೇ ಆಗುತ್ತಿತ್ತು' ಎಂದು ಒಬ್ಬ ಹೆಣ್ಣುಮಗಳ ಮುಖಕ್ಕೆ ಹೇಳುವಷ್ಟು ಆಧಾರ ಯಾರ ಕೈಯಲ್ಲೂ ಇಲ್ಲ.

ಅಂದಹಾಗೆ, ಗಂಡಸರ ವಿಟಮಿನ್ ಡಿ ಬಗ್ಗೆ ಯಾರೂ ಯಾಕೆ ಕೇಳುವುದಿಲ್ಲ? ಡೆನ್ಮಾರ್ಕ್‌ನಲ್ಲಿ ಮಕ್ಕಳಾಗದ 330 ಗಂಡಸರಿಗೆ ಇಂಥದ್ದೇ ಪ್ರಯೋಗ ಮಾಡಿದ್ದಾರೆ, 2018ರಲ್ಲಿ ಪ್ರಕಟವಾಗಿದೆ. ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಕೊಟ್ಟರೂ ವೀರ್ಯದ ಗುಣಮಟ್ಟ ಸುಧಾರಿಸಲಿಲ್ಲ. ವೀರ್ಯಾಣು ಸಂಖ್ಯೆ ಕಡಿಮೆ ಇದ್ದವರ ಒಂದು ಉಪಗುಂಪಿನಲ್ಲಿ ಮಾತ್ರ ಮಕ್ಕಳಾದವರು ಜಾಸ್ತಿ ಕಂಡರು. ಅದೂ ಇನ್ನೊಮ್ಮೆ ಪರೀಕ್ಷೆಗೆ ಒಡ್ಡಬೇಕಾದ ಸುಳಿವೇ ಹೊರತು ಉತ್ತರವಲ್ಲ. ಆದರೆ ಬಿಸಿಲಿಗೆ ಹೋಗಲಿಲ್ಲ ಎಂದು ಬೈಸಿಕೊಂಡ ಒಬ್ಬ ಗಂಡನನ್ನೂ ನಾನು ನೋಡಿಲ್ಲ.

ಹಾಗಂತ ಮಾತ್ರೆ ಕಸದ ಬುಟ್ಟಿಗೆ ಹಾಕಿ ಎನ್ನುತ್ತಿಲ್ಲ. ಮೂಳೆಗೆ ಅದು ಬೇಕೇ ಬೇಕು. ಬಸುರಿನಲ್ಲಂತೂ ಬೇಕು. ಅಮೆರಿಕದ ಎಂಡೋಕ್ರೈನ್ ಸೊಸೈಟಿ ಎಂಬ ಹಾರ್ಮೋನ್ ತಜ್ಞರ ಸಂಘ 2024ರ ಮಾರ್ಗಸೂಚಿಯಲ್ಲಿ ಗರ್ಭಿಣಿಯರಿಗೆ ಪೂರಕ ವಿಟಮಿನ್ ಡಿ ಕೊಡುವುದು ಒಳ್ಳೆಯದು ಎಂದಿದೆ. ಬಿಪಿ ಏರುವ ಪ್ರಿಎಕ್ಲಾಂಪ್ಸಿಯಾ, ಅವಧಿಗೆ ಮುಂಚಿನ ಹೆರಿಗೆ ಕಡಿಮೆಯಾಗಬಹುದು ಎಂಬ ಲೆಕ್ಕದಲ್ಲಿ. ತಮಾಷೆ ಏನೆಂದರೆ, 30 ನ್ಯಾನೋಗ್ರಾಂ ಇರಲೇಬೇಕು ಎಂದು 2011ರಲ್ಲಿ ಹೇಳಿದ್ದ ಅದೇ ಸಂಸ್ಥೆ ಈಗ ಆ ಗೆರೆಯನ್ನೇ ಕೈಬಿಟ್ಟಿದೆ. ಹೆಚ್ಚಿನವರಿಗೆ 20 ಸಾಕು ಎಂದು ಇನ್ನೊಂದು ತಜ್ಞರ ಸಮಿತಿ ಆಗಲೇ ಹೇಳಿತ್ತು. ನಿಮ್ಮ ರಿಪೋರ್ಟಿನಲ್ಲಿ 24 ಬಂದು 'ಲೋ' ಎಂದಿದ್ದರೆ, ಆ 'ಲೋ' ಯಾರ ಗೆರೆಯ ಪ್ರಕಾರ ಎಂದು ನೋಡಿಕೊಳ್ಳಿ. ಯೂನಿಟ್ಟನ್ನೂ ನೋಡಿ. ಕೆಲವು ಕಡೆ ನ್ಯಾನೋಗ್ರಾಂ ಬದಲು ನ್ಯಾನೋಮೋಲ್‌ನಲ್ಲಿ ಕೊಡುತ್ತಾರೆ. ಅಲ್ಲಿ 50 ಎಂದರೆ ಇಲ್ಲಿನ 20.

ಜಾಸ್ತಿ ನುಂಗಿದರೆ ಬೇಗ ಫಲ ಎಂಬ ಆಸೆಯೂ ಬೇಡ. ಇದು ಕೊಬ್ಬಿನಲ್ಲಿ ಕರಗಿ ಕೂರುವ ವಿಟಮಿನ್, ಮೂತ್ರದಲ್ಲಿ ಸುಲಭವಾಗಿ ಹೊರಗೆ ಹೋಗುವುದಿಲ್ಲ. ವಾರಕ್ಕೊಮ್ಮೆ ತಗೊಳ್ಳಬೇಕಾದ ದೊಡ್ಡ ಡೋಸನ್ನು ದಿನಾ ತಗೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಸುಸ್ತು, ಕಿಡ್ನಿ ತೊಂದರೆ ಶುರುವಾಗುತ್ತದೆ. ಡಾಕ್ಟರ್ ನಿಗಾ ಇಲ್ಲದೆ ದಿನಕ್ಕೆ 4,000 ಯೂನಿಟ್ ದಾಟಬಾರದು. ಕಿಟಕಿ ಗಾಜಿನ ಹಿಂದೆ ಕೂತು ಬಿಸಿಲು ಕಾಯಿಸುವವರಿಗೂ ಒಂದು ಮಾತು: ಬೇಕಾದ ಕಿರಣ ಗಾಜು ದಾಟುವುದಿಲ್ಲ.

ನನಗೆ ಹೆಚ್ಚು ಚಿಂತೆಯಾಗುವುದು ಕಾಯುವಿಕೆಯ ವಿಷಯದಲ್ಲಿ. 'ಮೊದಲು ವಿಟಮಿನ್ ಡಿ ಸರಿಯಾಗಲಿ, ಆಮೇಲೆ ಐವಿಎಫ್ ಸೈಕಲ್ ಶುರು ಮಾಡೋಣ' ಎಂದು ತಿಂಗಳುಗಟ್ಟಲೆ ಮುಂದೂಡುವವರಿದ್ದಾರೆ. 28 ವರ್ಷದವಳಿಗೆ ಅದರಿಂದ ದೊಡ್ಡ ನಷ್ಟವಿಲ್ಲ. 39 ದಾಟಿ, ಅಂಡಾಣುಗಳ ಸಂಗ್ರಹ ಎಷ್ಟಿದೆ ಎಂದು ತೋರಿಸುವ ಎಎಂಎಚ್ ಕೂಡ ಕಡಿಮೆ ಇರುವವಳಿಗೆ ಆ ತಿಂಗಳುಗಳು ತುಂಬಾ ದುಬಾರಿ. ಐವಿಎಫ್ ಫಲ ಕೊಡುತ್ತದೋ ಇಲ್ಲವೋ ಎನ್ನುವುದರಲ್ಲಿ ಅಂಡಾಣುವಿನ ವಯಸ್ಸಿನಷ್ಟು ತೂಕದ ಅಂಶ ಬೇರೆ ಇಲ್ಲ, ಆ ವಯಸ್ಸನ್ನು ಯಾವ ಮಾತ್ರೆಯೂ ಹಿಂದಕ್ಕೆ ತರುವುದಿಲ್ಲ. ಹಾಗೆ ಕಾಯಲು ಹೇಳಿದರೆ, "ಮಾತ್ರೆ ತಗೊಳ್ತಾನೇ ಇಂಜೆಕ್ಷನ್ ಶುರು ಮಾಡಬಹುದಾ ಡಾಕ್ಟ್ರೇ? ಕಾದರೆ ನನಗೆ ಏನು ಲಾಭ?" ಎಂದು ಧೈರ್ಯವಾಗಿ ಕೇಳಿ. ಕಾಯುವುದಕ್ಕೆ ಬೇರೆ ಕಾರಣ ಇದ್ದರೆ ಅವರು ಹೇಳುತ್ತಾರೆ.